ವಂಶಾವಳಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ಹಿರಿಯರು ಲಕ್ಷ್ಮೇಶ್ವರದವರು. ಮನೆತನದ ಇತಿಹಾಸ ಹುಡುಕಲು ಗ್ರಂಥಾಲಯ ನೆರವಾದೀತೇ?

ಉತ್ತರ: ಖಂಡಿತ. ಆದರೆ ಊರು ಮೊದಲು ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ತಿಳಿದುಕೊಳ್ಳಿ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಇವೆರಡೂ ಮರಾಠಾ ಸಂಸ್ಥಾನಗಳು, ಹಾಗಾಗಿ ಹಳೆಯ ಕಾಗದಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದರೆ ಗಾಬರಿಯಾಗಬೇಡಿ. ಗದಗ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೂ ಹಿಂದಿನದನ್ನು ಧಾರವಾಡದ ಹೆಸರಿನಲ್ಲಿ, ಸಂಸ್ಥಾನದ ಕಾಲದ್ದನ್ನು ಆಯಾ ಸಂಸ್ಥಾನದ ಹೆಸರಿನಲ್ಲಿ ಹುಡುಕಬೇಕು.

ಗ್ರಂಥಾಲಯದಲ್ಲಿ 1884ರ ಧಾರವಾಡ ಗ್ಯಾಝೆಟಿಯರ್ ಕೇಳಿ. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 20ನೇ ಸಂಪುಟ ನೋಡಿ. ಅಲ್ಲಿ ಅರಸರು, ದಾನಿಗಳು, ಬಸದಿಗಳು ಸಿಗುತ್ತವೆ. ನಿಮ್ಮ ಮುತ್ತಜ್ಜ ಸಿಗಲಾರ.

ಅವನನ್ನು ಬಲ್ಲವರು ವಂಶಾವಳಿ ಓದುವ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಕಟ್ಟೆಯ ಮೇಲೆ ಕೂತು, ಮೂಲಪುರುಷ ಯಾವ ಊರಿಂದ ಬಂದ, ಮನೆದೇವರು ಯಾವುದು, ಯಾರ ಹೊಟ್ಟೆಯಲ್ಲಿ ಎಷ್ಟು ಮಕ್ಕಳು ಎಂದು ಹೊತ್ತಿಗೆ ಬಿಚ್ಚಿ ಓದುತ್ತಾರೆ. ಕಾಳು, ಬಟ್ಟೆ ಪಡೆದು ಹೊಸ ಕೂಸುಗಳ ಹೆಸರು ಬರೆದುಕೊಳ್ಳುತ್ತಾರೆ. ಮುಂದಿನ ಸಲ ಅವರು ಬಂದಾಗ ಒಪ್ಪಿಗೆ ಕೇಳಿ, ಓದಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕೈತುಂಬ ಕೊಟ್ಟು ಕಳಿಸಿ.