ಹಳೆಯ ಕಾರಿನ ಸೋರಿಕೆ: ಪತ್ತೆ ಮತ್ತು ಪರಿಹಾರ

ಮಾರುತಿ 800 ಎಂಬ ಪುಟ್ಟ ಕಾರು 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿಯಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ತಯಾರಿಕೆ ನಿಂತರೂ ಕಾರುಗಳ ಓಡಾಟ ನಿಲ್ಲಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ, ಪೇಟೆಯಿಂದ ಹಳ್ಳಿಗೆ ಕೈ ಬದಲಾಯಿಸುತ್ತ, ಹೊಸ ಕಾರು ಕೊಳ್ಳಲಾರದ ಎಷ್ಟೋ ಮನೆಗಳ ಅಂಗಳವನ್ನು ಅವು ಸೇರಿವೆ. ನಮ್ಮ ಮನೆಗೆ ಬಂದಿರುವ 2006ರ ಕಾರೂ ಅಂತಹುದೇ. ಅಣ್ಣ ಅದರಲ್ಲಿ ತರಕಾರಿ ಬುಟ್ಟಿಗಳನ್ನು ಸಂತೆಗೆ ಒಯ್ಯುತ್ತಾನೆ. ಇಂತಹ ಕಾರಿನ ಕೆಳಗೆ ಒಂದು ಜಿಡ್ಡಿನ ಕಲೆ ಕಂಡರೆ ಮನೆಯವರಿಗೆ ದಿಗಿಲಾಗುವುದು ಸಹಜ. ಆ ಕಲೆಯನ್ನು ಓದುವ ಬಗೆ ಯಾವುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಲೆಕ್ಕಕ್ಕೂ ಸರಿಹೊಂದುತ್ತದೆ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ಎರಡು ವಾರಕ್ಕೆ ಒಂದು ಲೀಟರ್. ಈ ಕಾರಿನ ಎಂಜಿನ್ನಿಗೆ ಹಿಡಿಸುವ ಆಯಿಲ್ಲೇ ಸುಮಾರು ಮೂರು ಲೀಟರ್. ಆದ್ದರಿಂದ ಒಂದು ಹನಿ ತಾನೇ ಎಂಬ ಉದಾಸೀನ ಸಲ್ಲದು. ಹಾಗೆಂದು ಹೆದರಿ ಕೇಳಿದಷ್ಟು ಹಣ ತೆರುವುದೂ ಸಲ್ಲದು. ಸೋರುತ್ತಿರುವುದು ಏನು, ಎಲ್ಲಿಂದ, ಏಕೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು.

ಮೊದಲನೆಯದು, ಏನು ಎಂಬುದು. ರಾತ್ರಿ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಡಿಯಲ್ಲಿ ದೊಡ್ಡ ರಟ್ಟನ್ನು ಹಾಸಿ, ಚಕ್ರಗಳಿರುವ ಜಾಗವನ್ನು ಅದರ ಮೇಲೆ ಗುರುತು ಮಾಡಬೇಕು. ಬೆಳಿಗ್ಗೆ ಬಿದ್ದಿರುವ ಹನಿ ಕಂದು ಅಥವಾ ಕಪ್ಪಾಗಿ ಜಾರುವಂತಿದ್ದರೆ ಬಹುಮಟ್ಟಿಗೆ ಎಂಜಿನ್ ಆಯಿಲ್. ಅದಕ್ಕಿಂತ ಮಂದವಾಗಿ, ಗಂಧಕದಂತಹ ಕಟುವಾಸನೆಯಿದ್ದರೆ ಗೇರ್ ಆಯಿಲ್. ಬಣ್ಣ ಬೆರೆತ ನೀರಿನಂತಿದ್ದು ಸಿಹಿಯಾದ ವಾಸನೆ ಬಂದರೆ ರೇಡಿಯೇಟರಿನ ಕೂಲೆಂಟ್. ಇದು ವಿಷವಾದ್ದರಿಂದ ನಾಯಿ ಬೆಕ್ಕುಗಳು ನೆಕ್ಕದಂತೆ ಕೂಡಲೆ ತೊಳೆಯಬೇಕು. ಎ.ಸಿ. ಹಾಕಿ ಓಡಿಸಿದ ಮೇಲೆ ತೊಟ್ಟಿಕ್ಕುವ ತಿಳಿನೀರು ಸೋರಿಕೆಯೇ ಅಲ್ಲ. ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಕೂಡದು. ಬೆಂಕಿಯನ್ನು ಹತ್ತಿರ ತರಕೂಡದು.

ಎಲ್ಲಕ್ಕಿಂತ ಅಪಾಯಕರವಾದುದು ಬ್ರೇಕ್ ಆಯಿಲ್ಲಿನ ಸೋರಿಕೆ. ಅದು ನಸುಹಳದಿಯಾಗಿ, ನೀರಿನಷ್ಟೇ ತೆಳುವಾಗಿರುತ್ತದೆ. ಚಕ್ರದ ಒಳಮೈಯಲ್ಲಿ ತೇವ ಕಾಣಿಸುತ್ತದೆ. ಹಿಂದಿನ ಚಕ್ರಗಳ ಡ್ರಮ್ಮಿನೊಳಗಿರುವ ವೀಲ್ ಸಿಲಿಂಡರಿನ ರಬ್ಬರು ಸವೆದರೆ ಹೀಗಾಗುವುದುಂಟು. ಬ್ರೇಕ್ ಪ್ಯಾಡು ಸವೆದಂತೆ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಆದರೆ ಮಟ್ಟ ಬೇಗನೆ ಇಳಿದರೆ, ಅಥವಾ ಪೆಡಲು ಮೆತ್ತಗಾಗಿ ತಳದವರೆಗೆ ಹೋದರೆ, ಕಾರನ್ನು ಒಂದು ಮಾರೂ ಓಡಿಸದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಬೇಕು.

ಎರಡನೆಯ ಪ್ರಶ್ನೆ, ಎಲ್ಲಿಂದ ಎಂಬುದು. ಹನಿ ಬಿದ್ದ ಜಾಗದ ನೇರಕ್ಕೇ ಸೋರುವ ಜಾಗ ಇರಬೇಕೆಂದಿಲ್ಲ. ಆಯಿಲ್ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮ ಕಾರಿನಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಕೂಡುವಲ್ಲಿ ಹನಿ ತೂಗುತ್ತಿತ್ತು. ನೋಡಿದ ಮೆಕ್ಯಾನಿಕ್ಕರೊಬ್ಬರು, ಕ್ರ್ಯಾಂಕ್ ಸೀಲು ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದರು. ಅದರ ಖರ್ಚು ಅಣ್ಣನ ಒಂದು ತಿಂಗಳ ಗಳಿಕೆಗೆ ಸಮ. ಒಪ್ಪುವ ಮುನ್ನ ನಾವು ಒಂದು ಪರೀಕ್ಷೆ ಮಾಡಿದೆವು. ತಣ್ಣಗಿದ್ದ ಎಂಜಿನ್ನಿನ ವಿದ್ಯುತ್ ಭಾಗಗಳಿಗೆ ಪ್ಲಾಸ್ಟಿಕ್ ಹೊದಿಸಿ, ಸೋಪಿನ ನೀರು ಮತ್ತು ಬ್ರಷ್ಷಿನಿಂದ ಜಿಡ್ಡನ್ನೆಲ್ಲ ತೊಳೆದು ಒಣಗಿಸಿದೆವು. ಮೈಗೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಕಾಲು ಗಂಟೆ ಎಂಜಿನ್ ಓಡಿಸಿ ನಿಲ್ಲಿಸಿ, ಟಾರ್ಚು ಹಿಡಿದು ನೋಡಿದೆವು. ಬಿಳಿಯ ಪೌಡರಿನ ಮೇಲೆ ಕಪ್ಪು ಗೆರೆಯೊಂದು ಮೂಡಿತ್ತು. ಅದನ್ನು ಕೆಳಗಿನಿಂದ ಮೇಲಕ್ಕೆ ಅನುಸರಿಸಿದಾಗ ಅದು ತಲುಪಿದ್ದು ಎಂಜಿನ್ನಿನ ನೆತ್ತಿಯ ಮೇಲಿರುವ ಟ್ಯಾಪೆಟ್ ಕವರಿನ ಮೂಲೆಯನ್ನು. ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದನ್ನೇ ಮೊದಲು ಶಂಕಿಸಬೇಕೆಂಬುದು ಇದರ ತಾತ್ಪರ್ಯ.

ಮೂರನೆಯದು, ಏಕೆ ಎಂಬುದು. ಕವರಿನ ಅಡಿಯ ರಬ್ಬರ್ ಪ್ಯಾಕಿಂಗ್ ವರ್ಷಗಟ್ಟಲೆ ಶಾಖ ತಿಂದು ಗಡುಸಾಗುತ್ತದೆ, ಇದು ವಯೋಧರ್ಮ. ಆದರೆ ಇನ್ನೊಂದು ಕಾರಣವೂ ಉಂಟು. ಎಂಜಿನ್ನಿನ ಒಳಗೆ ಸೇರುವ ಅನಿಲವು ಹೊರಹೋಗಲು ಒಂದು ಉಸಿರುಕೊಳವೆಯಿರುತ್ತದೆ. ಅದು ಮಡ್ಡಿಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಹೆಚ್ಚಿ, ದುರ್ಬಲವಾದ ಸಂದಿನಿಂದ ಆಯಿಲ್ಲನ್ನು ಹೊರದೂಡುತ್ತದೆ. ನಮ್ಮ ಕಾರಿನ ಕೊಳವೆಯೂ ಕಟ್ಟಿಕೊಂಡಿತ್ತು. ಅದನ್ನು ಹಾಗೆಯೇ ಬಿಟ್ಟು ಪ್ಯಾಕಿಂಗ್ ಒಂದನ್ನೇ ಬದಲಿಸಿದ್ದರೆ ಹೊಸದೂ ಬೇಗನೆ ಸೋರುತ್ತಿತ್ತು.

ದುರಸ್ತಿ ಕಷ್ಟವಲ್ಲ. ಕೊಳವೆಯನ್ನು ಬಿಚ್ಚಿ ಶುಚಿಮಾಡಬೇಕು. ಕವರ್ ತೆಗೆದು, ಹಳೆಯ ಪ್ಯಾಕಿಂಗಿನ ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ಒರೆಸಿ, ಹೊಸದನ್ನು ಸಮನಾಗಿ ಕೂರಿಸಬೇಕು. ಬೋಲ್ಟುಗಳನ್ನು ಸ್ವಲ್ಪಸ್ವಲ್ಪವಾಗಿ, ಒಂದಾದಮೇಲೊಂದರಂತೆ ಬಿಗಿಯಬೇಕು. ಸೋರಿಕೆ ನಿಲ್ಲಲೆಂದು ಬಲವಾಗಿ ಬಿಗಿದರೆ ತಗಡಿನ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ. ಕಾರಿನ ಅಡಿಗೆ ಹೋಗಬೇಕಾದಲ್ಲಿ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡನ್ನು ಕೊಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಕೆಲಸ ಮುಗಿದ ಮೇಲೆ ಕೆಲವು ದಿನ ರಟ್ಟನ್ನು ಮತ್ತೆ ಹಾಸಿ ನೋಡಬೇಕು. ನಮ್ಮ ರಟ್ಟು ಒಣಗಿಯೇ ಉಳಿಯಿತು. ಗೇರ್ ಬಾಕ್ಸ್ ಇಳಿಸುವ ಪ್ರಮೇಯ ಬರಲಿಲ್ಲ.

ಮೆಕ್ಯಾನಿಕ್ಕರನ್ನು ಅವಿಶ್ವಾಸದಿಂದ ಕಾಣಬೇಕೆಂದು ನನ್ನ ಮಾತಲ್ಲ. ಅವರ ಕೈಚಳಕ ನಮಗೆ ಎಂದಿಗೂ ಬೇಕು. ಆದರೆ ಏನು, ಎಲ್ಲಿಂದ, ಏಕೆ ಎಂದು ವಿಚಾರಿಸಿಕೊಂಡು ಹೋದವನಿಗೆ ಯಾವ ಖರ್ಚು ಅನಿವಾರ್ಯ, ಯಾವುದು ಅನಗತ್ಯವೆಂಬುದು ತಿಳಿಯುತ್ತದೆ. ಹಳೆಯ ಕಾರನ್ನೇ ನೆಚ್ಚಿ ಬದುಕುವವರಿಗೆ ಈ ತಿಳಿವಳಿಕೆ ಸಣ್ಣ ಲಾಭವೇನಲ್ಲ.