ಜಗನ್ಮೋಹನ ಅರಮನೆಯ ಕುಸುರಿ ಕೆಲಸ

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಗೋಡೆಯ ಮೇಲೆ ಮೈಸೂರಿನಿಂದ ತಂದ ಬೀಟೆಮರದ ಫಲಕವೊಂದಿದೆ. ಅದರಲ್ಲಿ ಅಂಬಾರಿ ಹೊತ್ತ ಆನೆ. ಕಳೆದ ವರ್ಷ ಆ ಆನೆಯ ಕೋರೆ ಕಳಚಿ ಬಿದ್ದಿತು. ಬಿಳಿಯ ಬಣ್ಣವೆಂದು ನಾನು ಅಷ್ಟು ದಿನ ತಿಳಿದಿದ್ದುದು ಬಣ್ಣವಲ್ಲ, ಮರದಲ್ಲಿ ಅದೇ ಆಕಾರದ ಕುಳಿ ತೋಡಿ ಕೂಡಿಸಿದ ಚೂರು ಎಂಬುದು ಆಗ ಗೊತ್ತಾಯಿತು. ಈ ಕೆಲಸದ ಹಳೆಯ ಮಾದರಿಗಳನ್ನು ನೋಡುವ ಆಸೆಯಿಂದಲೇ ರಜೆಯಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯನ್ನು ಹೊಕ್ಕೆನು.

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ತುತ್ತಾಯಿತು. ಹೊಸ ಅರಮನೆ 1912ರಲ್ಲಿ ಮುಗಿಯುವವರೆಗೆ ರಾಜಮನೆತನ ನೆಲೆಸಿದ್ದುದು ಇಲ್ಲಿಯೇ. ನಾಲ್ವಡಿಯವರಿಗೆ ವೈಸರಾಯ್ ಕರ್ಜನ್ 1902ರಲ್ಲಿ ಅಧಿಕಾರ ವಹಿಸಿಕೊಟ್ಟದ್ದೂ ಇಲ್ಲಿಯ ಮಂಟಪದಲ್ಲಿ. 1915ರಿಂದ ಇದು ಚಿತ್ರಶಾಲೆ.

ಬಂದವರೆಲ್ಲ ಮೊದಲು ವಿಚಾರಿಸುವುದು ದೀಪ ಹಿಡಿದ ಹೆಂಗಸಿನ ಚಿತ್ರವನ್ನು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದನ್ನು ರವಿವರ್ಮನದೆಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು 1940ರ ದಶಕದಲ್ಲಿ ಎಸ್. ಎಲ್. ಹಲ್ದಂಕರರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣ. ದೀಪಕ್ಕೆ ಮರೆಯಾಗಿ ಹಿಡಿದ ಬೆರಳುಗಳ ಸಂದಿನ ಕೆಂಪು ಬೆಳಕನ್ನು ನೋಡಿಯೇ ತಿಳಿಯಬೇಕು. ಹಿರಿಯರನ್ನು ತಿದ್ದಲು ನನಗೆ ಸಂಕೋಚವಾಯಿತು. ಫ್ರಾನ್ಸಿನಲ್ಲಿ ತಯಾರಾದ ಗಡಿಯಾರದ ಎದುರಿನಲ್ಲಂತೂ ಮಕ್ಕಳದೇ ಗುಂಪು: ಗಂಟೆಗೊಮ್ಮೆ ಪುಟ್ಟ ಸೈನಿಕರು ಸಾಲಾಗಿ ನಡೆಯುವಂತೆ ರಚಿಸಿದ ಯಂತ್ರವದು.

ನನ್ನ ಮನಸ್ಸು ಮಾತ್ರ ಮರದ ಕೆಲಸದ ಮೇಲಿತ್ತು. ಅದರ ಕ್ರಮ ಹೀಗೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಅದರ ಒಂದೊಂದು ಭಾಗವನ್ನೂ ತೆಳುವಾದ ಹಲಗೆಯಿಂದ, ಹಿಂದಾದರೆ ಆನೆಯ ದಂತದಿಂದ, ಸಣ್ಣ ಗರಗಸದಲ್ಲಿ ಕತ್ತರಿಸುತ್ತಾರೆ. ಆ ತುಂಡನ್ನು ಬೀಟೆಯ ಮೇಲಿಟ್ಟು ಅಂಚಿನ ಗುಂಟ ಗೀರಿ, ಉಳಿಯಿಂದ ಅಷ್ಟೇ ಆಳಕ್ಕೆ ತೋಡಿ, ಅಂಟು ಹಾಕಿ ಕೂಡಿಸುತ್ತಾರೆ. ಕುಳಿ ಕೂದಲೆಳೆಯಷ್ಟು ದೊಡ್ಡದಾದರೂ ಸಂದು ಕಾಣುತ್ತದೆ. ಚಿಕ್ಕದಾದರೆ ತುಂಡು ಕೂರುವುದಿಲ್ಲ. ಮೇಲ್ಮೈಯನ್ನು ಉಜ್ಜಿ ಸಮ ಮಾಡಿದ ಮೇಲೆ ಕಣ್ಣು, ಒಡವೆ, ಸೀರೆಯ ನೆರಿಗೆ ಮೊದಲಾದವನ್ನು ಮೊನೆಯಿಂದ ಗೀರಿ ಕಪ್ಪು ತುಂಬುವರು. ಕೊನೆಗೆ ಮೆರುಗು. ಹೀಗೆ ಕೂಡಿಸಿದ ಒಂದು ತುಂಡಿನ ಮೇಲೆ ಬೆರಳಾಡಿಸಿ ಸಂದನ್ನು ಹುಡುಕುವ ಆಸೆಯಾಯಿತು, ಮುಟ್ಟುವಂತಿಲ್ಲವಷ್ಟೆ!

ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲಿ ಕಾನೂನು ನಿಷೇಧಿಸಿತು. ಆನೆಗಳ ದೃಷ್ಟಿಯಿಂದ ಅದು ಆಗಬೇಕಾದದ್ದೇ. ಈಗ ಹಳದಿಗೆ ಹಲಸಿನ ಮರ, ಹೀಗೆ ಬೇರೆ ಬೇರೆ ಮರಗಳ ಸಹಜವಾದ ಬಣ್ಣಗಳನ್ನೇ ಆರಿಸಿ ಕೂಡಿಸುತ್ತಾರೆ. ಬಿಳುಪಿಗೆ ಪ್ಲಾಸ್ಟಿಕ್ಕೂ ಬಂದಿದೆ. ನಮ್ಮ ಮನೆಯ ಆನೆಯ ಕೋರೆಯೂ ಪ್ಲಾಸ್ಟಿಕ್ಕಿನದೇ. ನನಗೆ ಅದರಿಂದ ಬೇಸರವಾಗಲಿಲ್ಲ, ಏಕೆಂದರೆ ಕುಳಿ ತೋಡಿದ ಕೈ ಮಾತ್ರ ಹಳೆಯದೇ. ಚಿತ್ರಗಾರ ಮೂಲೆಯಲ್ಲಿ ಸಹಿ ಹಾಕುತ್ತಾನೆ, ಗಡಿಯಾರದವನು ಮುಖದ ಮೇಲೆಯೇ ಹೆಸರು ಬರೆಯುತ್ತಾನೆ. ಮರಗೆಲಸದವರಲ್ಲಿ ಆ ರೂಢಿಯಿಲ್ಲ. ಊರಿಗೆ ಬಂದೊಡನೆ ಫಲಕವನ್ನಿಳಿಸಿ ಹಿಂದುಮುಂದು ತಿರುಗಿಸಿ ನೋಡಿದೆನು. ಹೆಸರಿರಲಿಲ್ಲ. ಹಿಂಬದಿಯಲ್ಲಿ ಬೆಲೆ ಬರೆದ ಚೀಟಿಯಿತ್ತು.

ಕಳಚಿದ ಕೋರೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಾನೇ ಅಂಟಿಸಬಹುದು, ಆದರೆ ಮುಂದಿನ ಸಲ ಹೋದಾಗ ಬಲ್ಲವರ ಕೈಯಲ್ಲಿ ಕೂಡಿಸಿ, ಅವರ ಹೆಸರನ್ನೂ ಕೇಳಿ ಬರೆದುಕೊಂಡು ಬರಬೇಕೆಂದಿದ್ದೇನೆ.