ಟ್ರೆಬಲ್ ಕಿವಿ ಚುಚ್ಚುತ್ತಿದೆಯಾ? ಆಂಪ್-ಸ್ಪೀಕರ್ ಜೋಡಿ ನೋಡಿ

ಹೊಸ ಸ್ಪೀಕರ್ ತಂದ್ರಿ. ಆದ್ರೆ ಹಾಡಿನಲ್ಲಿ ‘ಸ’, ‘ಶ’ ಬಂದಾಗಲೆಲ್ಲ ಕಿವಿ ಚುಚ್ಚುತ್ತೆ, ತಾಳದ ಸದ್ದು ಕರ್ಕಶ. ತಪ್ಪು ಸ್ಪೀಕರ್‌ನದೇ ಅಂತ ತೀರ್ಮಾನಿಸಬೇಡಿ.

ಒಂದು ಪರೀಕ್ಷೆ ಮಾಡಿ. ಸದ್ದು ಜೋರು ಮಾಡಿದಾಗ ಮಾತ್ರ ಒರಟಾಗುತ್ತಾ? ಹಾಗಾದ್ರೆ ಮೊದಲ ಅನುಮಾನ ಆಂಪ್ಲಿಫೈಯರ್ ಮೇಲೆ. ಅದರ ಶಕ್ತಿ ಸಾಲದಾದಾಗ ಸಿಗ್ನಲ್‌ನ ತುದಿ ಕತ್ತರಿಸಿಹೋಗುತ್ತೆ. ಇದೇ ಕ್ಲಿಪ್ಪಿಂಗ್. ಮೂಲ ಹಾಡಿನಲ್ಲಿ ಇಲ್ಲದ ಹೈ ಫ್ರೀಕ್ವೆನ್ಸಿಗಳು ಹುಟ್ಟಿ ಟ್ವೀಟರ್‌ಗೆ, ಅಂದ್ರೆ ಟ್ರೆಬಲ್ ನುಡಿಸುವ ಚಿಕ್ಕ ಸ್ಪೀಕರ್‌ಗೆ, ನುಗ್ಗುತ್ತವೆ. ಟ್ವೀಟರ್ ಸುಟ್ಟೂ ಹೋಗಬಹುದು.

ಅದಕ್ಕೇ ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದ್ರೆ ಕೊಟ್ಟ ಶಕ್ತಿಗೆ ಅದು ಎಷ್ಟು ಜೋರು ಸದ್ದು ಕೊಡುತ್ತೆ ಅನ್ನೋದನ್ನ ನೋಡಿ. ಪ್ರತಿ 3 ಡೆಸಿಬೆಲ್ ಕಮ್ಮಿಯಾದ್ರೆ ವಾಟ್ ದುಪ್ಪಟ್ಟು ಬೇಕು. 90 ಡೆಸಿಬೆಲ್ ಸ್ಪೀಕರ್‌ಗೆ 20 ವಾಟ್ ಸಾಕಾದ್ರೆ, 84 ಡೆಸಿಬೆಲ್‌ನದಕ್ಕೆ ಅಷ್ಟೇ ಸದ್ದಿಗೆ 80 ವಾಟ್!

ಮುಂದಿನದು ಇಂಪೀಡೆನ್ಸ್, ಅಂದ್ರೆ ಸ್ಪೀಕರ್ ಆಂಪ್‌ಗೆ ಒಡ್ಡುವ ವಿದ್ಯುತ್ ಪ್ರತಿರೋಧ. ಸ್ಪೀಕರ್ ಹಿಂಬದಿಯಲ್ಲಿ 8 ಓಮ್ ಅಂತ ಬರೆದಿದ್ರೂ, ಕೆಲವು ಫ್ರೀಕ್ವೆನ್ಸಿಗಳಲ್ಲಿ ಅದು 4ರ ಹತ್ತಿರ ಇಳಿಯಬಹುದು. ಆಂಪ್ 4 ಓಮ್ ತಡೆದುಕೊಳ್ಳುತ್ತಾ, ನೋಡಿ. ಇನ್ನು ಹಲವು ವಾಲ್ವ್ ಆಂಪ್‌ಗಳಲ್ಲಿ, ಕೆಲವು ಅಗ್ಗದ ಕ್ಲಾಸ್ ಡಿ ಆಂಪ್‌ಗಳಲ್ಲಿ, ಸ್ಪೀಕರ್ ಬದಲಾದ್ರೆ ಟ್ರೆಬಲ್ ಮಟ್ಟವೇ ಏರುಪೇರಾಗುತ್ತೆ.

ಮೆಲ್ಲಗೆ ಹಾಕಿದ್ರೂ ಚುಚ್ಚುತ್ತಾ? ಆಗ ಕಾರಣ ಹೆಚ್ಚಾಗಿ ಸ್ಪೀಕರ್‌ನ ಸ್ವಭಾವ ಅಥವಾ ಕೋಣೆ. ಗ್ರಾನೈಟ್ ನೆಲ, ಗಾಜಿನ ಕಿಟಕಿ, ಬರಿಗೋಡೆ ಟ್ರೆಬಲ್ ಅನ್ನು ವಾಪಸ್ ಎಸೆಯುತ್ತವೆ. ದಪ್ಪ ಜಮಖಾನ ಹಾಸಿ, ಪರದೆ ಎಳೆಯಿರಿ. ಸ್ಪೀಕರ್ ನೇರ ಕಿವಿಗೇ ಗುರಿಯಿಟ್ಟಿದ್ರೆ, ಸ್ವಲ್ಪ ಆಚೆ ತಿರುಗಿಸಿ.

ಇನ್ನೂ ಕೊಂಡಿಲ್ವಾ? ಅಂಗಡಿಗೆ ನಿಮ್ಮ ಆಂಪ್ ಹೊತ್ತುಕೊಂಡೇ ಹೋಗಿ. ನಿಮಗೆ ಬಾಯಿಪಾಠವಾಗಿರೋ ಹಾಡು ಹಾಕಿಸಿ, ಆಮೇಲೆ ದುಡ್ಡು ಬಿಚ್ಚಿ.